ಅಮ್ಮನೂ ವಲಸೆಗಾರಳೇ?

ಕಿರಂಗೂರಿನಿಂದ ದ್ವಿತೀಯ ಪಿಯುಸಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಈ ಅಂಕಣಕ್ಕೆ ಎರಡು ಪುಟಗಳ ಪತ್ರ ಬರೆದಿದ್ದಾಳೆ. ಅವಳ ಸಮಾಜಶಾಸ್ತ್ರದ ಉಪನ್ಯಾಸಕರು ತರಗತಿಗೆ ಒಂದು ಕೆಲಸ ಒಪ್ಪಿಸಿದ್ದಾರೆ: ನಿಮ್ಮ ನಿಮ್ಮ ಊರಿನಲ್ಲಿ ವಲಸೆ ಬಂದವರು ಎಷ್ಟು ಮಂದಿ, ಅಲ್ಪಸಂಖ್ಯಾತರು ಎಷ್ಟು ಮಂದಿ, ಮನೆ ಮನೆಗೆ ಹೋಗಿ ಲೆಕ್ಕ ಹಾಕಿ ತನ್ನಿ. ಹುಡುಗಿ ಉತ್ಸಾಹದಿಂದ ಮೊದಲು ತನ್ನ ಮನೆಯಿಂದಲೇ ಶುರುಮಾಡಿದಳು. ಜನಗಣತಿಯ ನಿಯಮವನ್ನು ಓದಿಕೊಂಡು, ನಾಗಮಂಗಲ ತಾಲ್ಲೂಕಿನಿಂದ ಮದುವೆಯಾಗಿ ಬಂದ ತಾಯಿಯ ಹೆಸರಿನ ಮುಂದೆ ‘ವಲಸೆ’ ಎಂದು ಬರೆದಳು. ಅಲ್ಲಿಗೆ ಅಂದಿನ ಸಮೀಕ್ಷೆ ಮುಗಿಯಿತು. ‘ನಾನೇನು ಊರು ಬಿಟ್ಟು ಓಡಿಬಂದವಳೇನೆ? ತಾಳಿ ಕಟ್ಟಿಸ್ಕೊಂಡು ಬಂದವಳು’ ಎಂದು ತಾಯಿ ಒಲೆಯ ಮುಂದಿನಿಂದಲೇ ಗದರಿದರಂತೆ. ಊರ ಹೊರಗೆ ಕಬ್ಬಿನ ಗದ್ದೆಯ ಬದಿಯಲ್ಲಿ ಜೋಪಡಿ ಹಾಕಿಕೊಂಡಿರುವವರನ್ನು ಯಾವ ಕಲಮಿಗೆ ಸೇರಿಸುವುದೆಂಬುದೂ ಅವಳಿಗೆ ತಿಳಿದಿಲ್ಲ. ‘ಸಾರ್, ಸರಿಯಾದ ಲೆಕ್ಕ ಯಾವುದು?’ ಎಂಬುದು ಅವಳ ಪ್ರಶ್ನೆ.

ಕಿರಂಗೂರನ್ನು ಕಾಣದವರಿಗೆ ಒಂದು ಮಾತು. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಶ್ರೀರಂಗಪಟ್ಟಣ ಇನ್ನೇನು ಬಂತು ಎನ್ನುವಾಗ, ಪಾಂಡವಪುರಕ್ಕೆ ದಾರಿ ಕವಲೊಡೆಯುವ ಜಾಗದಲ್ಲಿ ಈ ಊರಿದೆ. ಶ್ರೀರಂಗಪಟ್ಟಣ ದಸರೆಯ ಮೆರವಣಿಗೆ ಹೊರಡುವುದು ಇಲ್ಲಿನ ಬನ್ನಿಮಂಟಪದಿಂದ. ಸುತ್ತ ಭತ್ತ, ಕಬ್ಬು, ಆಲೆಮನೆ. ಬಂದುಹೋಗುವವರು ಈ ಸೀಮೆಗೆ ಹೊಸಬರೇನಲ್ಲ. ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣಕ್ಕೆ ಪಕ್ಕದ ಪಾಂಡವಪುರವನ್ನು ಬಹಳ ಕಾಲ ‘ಫ್ರೆಂಚ್ ರಾಕ್ಸ್’ ಎಂದೇ ಕರೆಯುತ್ತಿದ್ದರು.

ಮೊದಲು ತಾಯಿಯ ವಿಷಯಕ್ಕೆ ಬರೋಣ. ಹುಡುಗಿ ಬರೆದದ್ದು ಸರ್ಕಾರಿ ಲೆಕ್ಕದಲ್ಲಿ ತಪ್ಪಲ್ಲ. ನಮ್ಮ ಜನಗಣತಿ ವಲಸೆಯನ್ನು ಎರಡು ಪ್ರಶ್ನೆಗಳಿಂದ ಅಳೆಯುತ್ತದೆ. ನೀವು ಹುಟ್ಟಿದ್ದೆಲ್ಲಿ ಎಂಬುದು ಒಂದು. ಇಲ್ಲಿಗೆ ಬರುವ ಮೊದಲು ಎಲ್ಲಿ ವಾಸವಾಗಿದ್ದಿರಿ ಎಂಬುದು ಇನ್ನೊಂದು. ಹುಟ್ಟಿದ ಸ್ಥಳದ ಪ್ರಶ್ನೆ ಬ್ರಿಟಿಷರ ಕಾಲದಿಂದಲೂ ಇದೆ. ಹಿಂದಿನ ವಾಸಸ್ಥಳದ ಪ್ರಶ್ನೆ ಸೇರಿದ್ದು 1971ರಲ್ಲಿ. ಬಂದ ಕಾರಣವೇನೆಂದು ಕೇಳತೊಡಗಿದ್ದು 1981ರಲ್ಲಿ. ಹಳ್ಳಿಯ ಅಥವಾ ಪಟ್ಟಣದ ಎಲ್ಲೆ ದಾಟಿ ಬಂದು ನೆಲೆಸಿದ್ದರೆ ಆಯಿತು, ದೂರ ಎಷ್ಟಾದರೂ ಇರಲಿ, ನೀವು ವಲಸೆಗಾರರು. ಕಿರಂಗೂರಿನಿಂದ ಕೂಗಳತೆಯ ಶ್ರೀರಂಗಪಟ್ಟಣಕ್ಕೆ ಮನೆ ಬದಲಿಸಿದವನು ವಲಸೆ ಹೋದವನು. ಬೆಂಗಳೂರಿನ ಯಲಹಂಕದಿಂದ ಕೆಂಗೇರಿಗೆ ಲಾರಿಯಲ್ಲಿ ಸಾಮಾನು ಹೇರಿಕೊಂಡು ಹೋದವನು ಮಾತ್ರ ಅಲ್ಲ, ಏಕೆಂದರೆ 2011ರ ಗಣತಿಯ ಕಣ್ಣಿಗೆ ಅದೆಲ್ಲ ಒಂದೇ ನಗರವಾಗಿತ್ತು.

ಈ ಅಳತೆಯಂತೆ 2011ರ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ವಲಸೆಗಾರರು 45 ಕೋಟಿಗೂ ಹೆಚ್ಚು. ಗಾಬರಿಯಾಗಬೇಡಿ. ಅವರಲ್ಲಿ ಮೂವರಿಗೆ ಇಬ್ಬರು ಹೆಂಗಸರು, ಮತ್ತು ಒಟ್ಟು ಸಂಖ್ಯೆಯ ಹತ್ತಿರ ಹತ್ತಿರ ಅರ್ಧದಷ್ಟು ಜನ ಬಂದ ಕಾರಣ ಮದುವೆ. ರಾಜ್ಯದ ಗಡಿ ದಾಟಿದವರು ಅಂದಾಜು ಐದೂವರೆ ಕೋಟಿ ಮಾತ್ರ. ‘ದೇಶದಲ್ಲಿ ಮೂವರಲ್ಲಿ ಒಬ್ಬ ವಲಸೆಗಾರ’ ಎಂಬ ತಲೆಬರಹ ಎಲ್ಲಿಯಾದರೂ ಕಂಡರೆ, ಆ ಗುಂಪಿನ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿರುವ ನಮ್ಮ ಹುಡುಗಿಯ ತಾಯಿಯನ್ನು ನೆನಪಿಸಿಕೊಳ್ಳಿ.

ಹುಟ್ಟಿದ ಸ್ಥಳದ ಪ್ರಶ್ನೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಈಗ ತವರಿನಲ್ಲೂ ಅಲ್ಲ, ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿಯೋ ಮಂಡ್ಯದ ನರ್ಸಿಂಗ್ ಹೋಮಿನಲ್ಲಿಯೋ. ಮೂರು ತಿಂಗಳ ಕೂಸು ಬೆಚ್ಚಗೆ ಹೊದ್ದು ಅಪ್ಪನ ಊರಿಗೆ ಬಂದಾಗ ಗಣತಿಯ ಲೆಕ್ಕದಲ್ಲಿ ಅದೂ ವಲಸೆ ಬಂದಂತೆಯೇ. ಇದರಿಂದ ಅಂಕಿಗಳು ಊದಿಕೊಳ್ಳುವುದನ್ನು ಕಂಡೇ 2001ರಲ್ಲಿ ವಲಸೆಯ ಕಾರಣಗಳ ಪಟ್ಟಿಗೆ ‘ಹುಟ್ಟಿದೊಡನೆ ಬಂದದ್ದು’ ಎಂಬ ಬಾಬನ್ನು ಸೇರಿಸಿದರು.

ಹಾಗಾದರೆ ಜೋಪಡಿಯವರು? ಇಲ್ಲಿ ವಿಷಯ ಗಂಭೀರವಾಗುತ್ತದೆ. ಮಂಡ್ಯ ಸೀಮೆಗೆ ಕಬ್ಬು ಕಡಿಯಲು ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಕಡೆಯ ತಾಂಡಾಗಳಿಂದ ಲಂಬಾಣಿ ಕುಟುಂಬಗಳು ಬರುತ್ತವೆ. ಆಲೆಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವರಲ್ಲಿ ಉತ್ತರ ಪ್ರದೇಶ, ಬಿಹಾರದವರು ಬಹಳ. ತಾಯಿ ಒಮ್ಮೆ ಬಂದು ಇಪ್ಪತ್ತು ವರ್ಷ ಉಳಿದರು. ಇವರು ಹಂಗಾಮಿಗೆ ಬರುತ್ತಾರೆ, ಹಂಗಾಮು ಮುಗಿದರೆ ಹೋಗುತ್ತಾರೆ. ವಲಸೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವವರು ಇವರೇ. ಆದರೆ ಲೆಕ್ಕದ ಜಾಲರಿಯಿಂದ ಸುಲಭವಾಗಿ ನುಣುಚಿಕೊಳ್ಳುವವರೂ ಇವರೇ.

ಏಕೆಂದರೆ ಬಹುತೇಕ ಸಮೀಕ್ಷೆಗಳು ಹೊರಡುವುದು ‘ಸಾಮಾನ್ಯ ವಾಸಸ್ಥಳ’ ಎಂಬ ಕಲ್ಪನೆಯಿಂದ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರ ನಿಯಮದಲ್ಲಿ ಒಂದು ಸ್ಥಳದಲ್ಲಿ ಆರು ತಿಂಗಳು ಅಥವಾ ಹೆಚ್ಚು ಕಾಲ ಎಡೆಬಿಡದೆ ಇದ್ದರೆ ಅದು ನಿಮ್ಮ ವಾಸಸ್ಥಳ. ಐದು ತಿಂಗಳು ಕಬ್ಬು ಕಡಿದು ತಾಂಡಾಕ್ಕೆ ಮರಳುವವನು ವಾಸಸ್ಥಳ ಬದಲಿಸಿಯೇ ಇಲ್ಲ. ಇಂಥವರಿಗಾಗಿ ಅದೇ ಸಂಸ್ಥೆ 2007-08ರ ಸುತ್ತಿನಲ್ಲಿ ಬೇರೆ ವ್ಯಾಖ್ಯೆ ಮಾಡಿತು: ಕಳೆದ 365 ದಿನಗಳಲ್ಲಿ ಕೆಲಸಕ್ಕಾಗಿ ಒಂದು ತಿಂಗಳಿಗೆ ಕಡಿಮೆಯಿಲ್ಲದಂತೆ, ಆರು ತಿಂಗಳಿಗಿಂತ ಕಡಿಮೆ ಕಾಲ ಊರು ಬಿಟ್ಟವರು ‘ಅಲ್ಪಾವಧಿ ವಲಸಿಗರು’. ಆದರೆ ಈ ಪ್ರಶ್ನೆ ಕೇಳುವುದು ಎಲ್ಲಿ? ಅವರ ಸ್ವಂತ ಊರಿನ ಮನೆಯಲ್ಲಿ. ಗಂಡ, ಹೆಂಡತಿ, ಮಕ್ಕಳು ಎಲ್ಲ ಸೇರಿ ಬೀಗ ಹಾಕಿಕೊಂಡು ಕಬ್ಬಿನ ಗದ್ದೆಗೆ ಬಂದಿದ್ದರೆ ಅಲ್ಲಿ ಉತ್ತರ ಹೇಳುವವರು ಯಾರು? ಊರಲ್ಲಿ ಬಾಗಿಲಿಗೆ ಬೀಗ, ಇಲ್ಲಿ ಬಾಗಿಲೇ ಇಲ್ಲ.

ಜನಗಣತಿಯ ಪದ್ಧತಿ ಇದಕ್ಕಿಂತ ಸ್ವಲ್ಪ ಉದಾರ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಕೆ ನಡೆಯಿತು. ಆ ಇಡೀ ಅವಧಿಯಲ್ಲಿ ಯಾರು ಎಲ್ಲಿದ್ದರೋ ಅಲ್ಲಿಯೇ ಅವರ ಲೆಕ್ಕ; ಮನೆಯೇ ಇಲ್ಲದವರನ್ನು 28ರ ರಾತ್ರಿ ಹುಡುಕಿ ಎಣಿಸಬೇಕು. ಫೆಬ್ರವರಿ ಎಂದರೆ ಕಬ್ಬಿನ ಕಾಲ. ಹಾಗಾಗಿ ಜೋಪಡಿಗಳ ತನಕ ಎಣಿಕೆದಾರ ನಡೆದು ಹೋಗಿದ್ದರೆ ಅವರು ಈ ಕಡೆಯ ಲೆಕ್ಕದಲ್ಲಿ ಸಿಕ್ಕಿರುತ್ತಾರೆ. ನಡೆದು ಹೋಗಿದ್ದರೆ ಎಂಬ ಮಾತಿನ ಮೇಲೆ ಎಲ್ಲವೂ ನಿಂತಿದೆ. 2021ರ ಗಣತಿ ನಡೆಯಲೇ ಇಲ್ಲವಾದ್ದರಿಂದ ಆ ಹಳೆಯ ಅಂಕಿಗಳನ್ನೇ ಇನ್ನೂ ಉಜ್ಜುತ್ತ ಕೂತಿದ್ದೇವೆ. ಮುಂದಿನದು 2027ರದ್ದು, ಅದರಲ್ಲಿ ಜಾತಿಯನ್ನೂ ಎಣಿಸಲಾಗುವುದು ಎಂದು ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು.

ಇನ್ನು ಅಲ್ಪಸಂಖ್ಯಾತರ ಪ್ರಶ್ನೆ. ಹುಡುಗಿ ತನ್ನ ಪಟ್ಟಿಯಲ್ಲಿ ಒಂದೇ ಕಲಮು ಎಳೆದಿದ್ದಾಳೆ. ಸಾಲದು. ನಮ್ಮ ಸಂವಿಧಾನದ 30ನೇ ವಿಧಿ ಧರ್ಮ ಮತ್ತು ಭಾಷೆ ಎರಡನ್ನೂ ಹೇಳುತ್ತದೆ. ಧರ್ಮದ ವಿಷಯದಲ್ಲಿ 1992ರ ಕಾಯಿದೆಯ ಪ್ರಕಾರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬೇಕು. 1993ರಲ್ಲಿ ಮುಸ್ಲಿಮರು, ಕ್ರೈಸ್ತರು, ಸಿಖ್ಖರು, ಬೌದ್ಧರು, ಪಾರ್ಸಿಗಳನ್ನು ಹೀಗೆ ಹೆಸರಿಸಿದರು. ಜೈನರನ್ನು ಸೇರಿಸಿದ್ದು 2014ರ ಜನವರಿಯಲ್ಲಿ. ಶ್ರವಣಬೆಳಗೊಳದ ಜೈನ ಮನೆತನವೊಂದು 2013ರ ಡಿಸೆಂಬರಿನಲ್ಲಿ ರಾಷ್ಟ್ರಮಟ್ಟದ ಪಟ್ಟಿಯಲ್ಲಿಲ್ಲ, ಮುಂದಿನ ತಿಂಗಳು ಇದೆ. ಮನೆಯವರು ಅವರೇ, ಅಡುಗೆ ಅದೇ, ಪೂಜೆ ಅದೇ. ಭಾಷೆಯ ವಿಷಯದಲ್ಲಿ ಲೆಕ್ಕದ ಘಟಕ ರಾಜ್ಯ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ತಮಿಳರು ಚೆನ್ನೈನಲ್ಲಿ ಬಹುಸಂಖ್ಯಾತರು, ಮಂಡ್ಯದಲ್ಲಿ ಅಲ್ಪಸಂಖ್ಯಾತರು. ಕನ್ನಡಿಗರು ಮಂಡ್ಯದಲ್ಲಿ ಬಹುಸಂಖ್ಯಾತರು, ಕಾಸರಗೋಡಿನಲ್ಲಿ ಅಲ್ಪಸಂಖ್ಯಾತರು.

ವಲಸೆ ಬಂದವರು, ಅಲ್ಪಸಂಖ್ಯಾತರು ಎಂಬ ಎರಡು ಮಾತುಗಳನ್ನು ಜೋಡೆತ್ತುಗಳ ಹಾಗೆ ಒಂದೇ ನೊಗಕ್ಕೆ ಕಟ್ಟುವ ಅಭ್ಯಾಸ ನಮ್ಮಲ್ಲಿದೆ. ಅದು ಎಷ್ಟು ತಪ್ಪೆಂದು ನೋಡಲು ಕಿರಂಗೂರಿನಿಂದ ಮೇಲುಕೋಟೆಗೆ ಹೋದರೆ ಸಾಕು. ರಾಮಾನುಜಾಚಾರ್ಯರ ಕಾಲದ ನಂಟು ಹೇಳಿಕೊಳ್ಳುವ ಅಯ್ಯಂಗಾರ್ ಮನೆಗಳಲ್ಲಿ ಇಂದಿಗೂ ಕನ್ನಡ ಬೆರೆತ ತಮಿಳು ಕೇಳಿಸುತ್ತದೆ. ಅವರು ಹುಟ್ಟಿದ್ದು, ಬೆಳೆದದ್ದು ಅಲ್ಲಿಯೇ ಆದರೆ ಗಣತಿಯ ಪ್ರಕಾರ ವಲಸೆಯವರಲ್ಲ. ಧರ್ಮದ ಲೆಕ್ಕದಲ್ಲಿ ಬಹುಸಂಖ್ಯಾತರು. ಮಾತೃಭಾಷೆಯ ಲೆಕ್ಕದಲ್ಲಿ ಅಲ್ಪಸಂಖ್ಯಾತರು. ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ.ನ. ಅವರ ಮನೆಮಾತು ತಮಿಳು. ಮಾಸ್ತಿಯವರದೂ ತಮಿಳು, ಬೇಂದ್ರೆಯವರದು ಮರಾಠಿ. ಜನಗಣತಿಯ ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದರೆ ಕನ್ನಡ ಸಾಹಿತ್ಯದ ಈ ಮೂವರೂ ಮಾತೃಭಾಷೆಯ ಕಲಮಿನಲ್ಲಿ ಕನ್ನಡದವರಲ್ಲ; ಕನ್ನಡ ಬರುವುದು ‘ತಿಳಿದಿರುವ ಇತರ ಭಾಷೆಗಳು’ ಎಂಬ ಪಕ್ಕದ ಕಲಮಿನಲ್ಲಿ! ಶ್ರೀರಂಗಪಟ್ಟಣ, ಗಂಜಾಮಿನ ಉರ್ದು ಮನೆಗಳ ಕಥೆಯೂ ಇದೇ. ತಲೆತಲಾಂತರದಿಂದ ಇಲ್ಲಿಯವರು, ಎರಡೂ ಅರ್ಥದಲ್ಲಿ ಅಲ್ಪಸಂಖ್ಯಾತರು, ವಲಸೆಯವರಂತೂ ಅಲ್ಲ. ಅತ್ತ ನಾಗಮಂಗಲದ ತಾಯಿ ವಲಸೆಗಾರಳು, ಯಾವ ಅರ್ಥದಲ್ಲೂ ಅಲ್ಪಸಂಖ್ಯಾತಳಲ್ಲ.

ಮಾತೃಭಾಷೆ ಎಂದರೇನು? ಸುಲಭದ ಪ್ರಶ್ನೆ ಎಂದುಕೊಂಡರೆ ತಪ್ಪು. 1881ರ ಗಣತಿ ‘ಮಾತೃಭಾಷೆ’ ಎಂದು ಕೇಳಿತು. 1891ರಲ್ಲಿ ಅದು ‘ತಂದೆತಾಯಿಯರ ಭಾಷೆ’ ಆಯಿತು. 1901ರಲ್ಲಿ ‘ಸಾಮಾನ್ಯವಾಗಿ ಬಳಸುವ ಭಾಷೆ’. ಮೂರು ಪ್ರಶ್ನೆಗೂ ಒಂದೇ ಮನುಷ್ಯ ಮೂರು ಉತ್ತರ ಕೊಡಬಲ್ಲ. ಈಗಿನ ನಿಯಮದಂತೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆಯೇ ಮಾತೃಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಒಂದೇ ಮನೆಯಲ್ಲಿ ಎಲ್ಲರದೂ ಒಂದೇ ಎಂದು ಎಣಿಕೆದಾರ ತಾನೇ ಊಹಿಸಕೂಡದು. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ವಾದ ಮಾಡಬಾರದು. ಇದು ಒಳ್ಳೆಯ ನಿಯಮವೆಂದು ನನ್ನ ಅಭಿಪ್ರಾಯ. ಹೇಳುವವರ ಮಾತಿಗೆ ಬೆಲೆ ಕೊಡದ ಸಮೀಕ್ಷೆ ವಿಚಾರಣೆಯಾಗುತ್ತದೆ.

ಆದರೆ ಹೇಳಿದ್ದು ಹಾಗೆಯೇ ಅಚ್ಚಾಗುವುದಿಲ್ಲ. 2011ರಲ್ಲಿ ಜನ ಬರೆಸಿದ ಮಾತೃಭಾಷೆಯ ಹೆಸರುಗಳು 19,569. ಕಾಗುಣಿತದ ವ್ಯತ್ಯಾಸ, ಊರಿನ ಹೆಸರು, ಜಾತಿಯ ಹೆಸರು ಎಲ್ಲ ಕಲೆಸಿದ ಈ ರಾಶಿಯನ್ನು ಭಾಷಾತಜ್ಞರು ಕೇರಿ, ಜರಡಿ ಹಿಡಿದು 1,369 ಮಾತೃಭಾಷೆಗಳಿಗೆ ಇಳಿಸಿದರು. ಆಮೇಲೆ ಅವನ್ನು ಗುಂಪುಗೂಡಿಸಿ, 10,000ಕ್ಕಿಂತ ಕಡಿಮೆ ಜನರಿರುವ ಭಾಷೆಗಳನ್ನು ಬದಿಗಿಟ್ಟು, 121 ಭಾಷೆಗಳೆಂದು ಪ್ರಕಟಿಸಿದರು. ಈ ಗುಂಪುಗೂಡಿಸುವಿಕೆಯಲ್ಲಿ ನೀಲಗಿರಿಯ ಬಡಗ ನುಡಿ ಕನ್ನಡದ ಕೆಳಗೆ ಬಂತು. ಲಂಬಾಣಿ? ಅದು ಹಿಂದಿಯ ಕೆಳಗೆ. ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಲಂಬಾಣಿ ಎಂದು ಬರೆಸಿದರೂ ಅವರೆಲ್ಲ ಹಿಂದಿಯ 52 ಕೋಟಿಯಲ್ಲಿ ಕರಗಿದರು. ಭೋಜಪುರಿ ಎಂದು ಬರೆಸಿದ ಐದು ಕೋಟಿ ಮಂದಿಯೂ ಅಲ್ಲಿಯೇ.

ಕಿರಂಗೂರಿನ ಬದಿಗೆ ಇದನ್ನು ತಂದು ನೋಡಿ. ಹಡಗಲಿ ತಾಂಡಾದ ಲಂಬಾಣಿ ಹೆಂಗಸು, ಆಲೆಮನೆಯ ಬಿಹಾರಿ ಕೆಲಸಗಾರ ಎದುರುಬದುರು ನಿಂತರೆ ಒಬ್ಬರ ಮನೆಮಾತು ಇನ್ನೊಬ್ಬರಿಗೆ ಅರ್ಥವಾಗದು. ಕಬ್ಬಿನ ಹೊರೆಯ ಲೆಕ್ಕ ಮಾತಾಡಬೇಕಾದರೆ ಹರುಕು ಮುರುಕು ಕನ್ನಡಕ್ಕೇ ಬರಬೇಕೋ ಏನೋ. ಆದರೆ ಪ್ರಕಟವಾದ ಕೋಷ್ಟಕದಲ್ಲಿ ಇಬ್ಬರೂ ‘ಹಿಂದಿ’. ಆ ಹೆಂಗಸು ಕರ್ನಾಟಕದವಳೇ, ಅವಳ ಮಕ್ಕಳು ಶಾಲೆಗೆ ಹೋದರೆ ಓದುವುದು ಕನ್ನಡದಲ್ಲಿ.

ಇಂಥ ಲೆಕ್ಕದಿಂದ ಯಾರಿಗೆ ಏನಾಗಬೇಕು ಎಂದು ಪಾಲಕರು ಕೇಳಬಹುದು. ಶಾಲೆ ಆಗಬೇಕು. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ, ಒಂದು ಶಾಲೆಯಲ್ಲಿ ಬೇರೆ ಮಾತೃಭಾಷೆಯ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯ ಉಪಾಧ್ಯಾಯರನ್ನು ಒದಗಿಸಬೇಕೆಂದು ಒಪ್ಪಿದರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಸಂವಿಧಾನಕ್ಕೆ 350ಎ ವಿಧಿ ಸೇರಿ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣದ ಮಾತು ಬಂತು. ಒಂಬತ್ತು ಮಕ್ಕಳೆಂದು ಬರೆದರೆ ಮೇಷ್ಟರಿಲ್ಲ, ಹತ್ತು ಎಂದರೆ ಉಂಟು. ಹಾಗಿರುವಾಗ ಎಣಿಸುವವನ ಪೆನ್ಸಿಲು ಹಗುರವಾದದ್ದಲ್ಲ.

ಕಾಸರಗೋಡಿನಲ್ಲಿ ಇದರ ಬಿಸಿ ಚೆನ್ನಾಗಿ ತಟ್ಟಿದೆ. 1956ರ ನವೆಂಬರ್ 1ರಂದು ಆ ತಾಲ್ಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಕಡತದಲ್ಲೇ ಉಳಿಯಿತು. ಅಲ್ಲಿ ಕನ್ನಡಿಗರೆಷ್ಟು? ಮಾತೃಭಾಷೆಯ ಕಲಮನ್ನು ಮಾತ್ರ ನೋಡಿದರೆ ಸಣ್ಣ ಸಂಖ್ಯೆ. ಆದರೆ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಆಡುತ್ತ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವ ಕುಟುಂಬಗಳು ಅಲ್ಲಿ ಧಾರಾಳ. ಗಣತಿದಾರ ಬಂದಾಗ ಅವರು ಪ್ರಾಮಾಣಿಕವಾಗಿ ‘ತುಳು’ ಎಂದು ಬರೆಸುತ್ತಾರೆ. ಅವರ ಮಕ್ಕಳ ಪಠ್ಯಪುಸ್ತಕ, ಪತ್ರಿಕೆ, ಯಕ್ಷಗಾನ ಕನ್ನಡದ್ದು. ಮನೆಮಾತನ್ನು ಅಳೆದರೆ ಒಂದು ಗಾತ್ರ, ಓದಿನ ಭಾಷೆಯನ್ನು ಅಳೆದರೆ ಇನ್ನೊಂದು. ಕನ್ನಡ ಶಾಲೆಗೆ ಬೇಕಾದದ್ದು ಎರಡನೆಯ ಅಳತೆ. ಸಿಗುವುದು ಹೆಚ್ಚಾಗಿ ಮೊದಲನೆಯದು.

ಹೊರದೇಶಗಳಲ್ಲಿ ಈ ಗೋಜಲು ಕಡಿಮೆಯೆಂದು ತಿಳಿಯಬೇಡಿ. ಅಮೆರಿಕದ ಜನಗಣತಿ ಜನರ ‘ಜನಾಂಗ’ವನ್ನು ಕೇಳುತ್ತದೆ. 1920ರಿಂದ 1940ರವರೆಗಿನ ಅಲ್ಲಿನ ಗಣತಿಗಳಲ್ಲಿ ಭಾರತದಿಂದ ಹೋದವರ ಜನಾಂಗ ‘ಹಿಂದೂ’, ಅವರು ಸಿಖ್ಖರಾದರೂ ಮುಸ್ಲಿಮರಾದರೂ! 1970ರಲ್ಲಿ ಅದೇ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಹೊಸ ಚೌಕ ಬಂತು. ಮನುಷ್ಯರ ಮೈಬಣ್ಣ ಬದಲಾಗಲಿಲ್ಲ, ನಮೂನೆ ಬದಲಾಯಿತು. ಬ್ರಿಟನ್ನು ಇಂಥ ಪ್ರಶ್ನೆಯನ್ನು ಗಣತಿಯಲ್ಲಿ ಮೊದಲು ಕೇಳಿದ್ದು 1991ರಲ್ಲಿ. ಫ್ರಾನ್ಸಿನ ಗಣತಿ ಅದನ್ನು ಕೇಳುವುದೇ ಇಲ್ಲ. ನೆದರ್ಲೆಂಡ್ಸಿನಲ್ಲಿ 2016ರವರೆಗೆ ಚಾಲ್ತಿಯಲ್ಲಿದ್ದ ವಿಂಗಡಣೆಯಂತೆ ತಂದೆತಾಯಿಯರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದ್ದರೂ ಮಗು ಹೊರಗಿನ ಮೂಲದ್ದು. ದೇಶದ ಗಡಿಯ ಬದಲು ಊರಿನ ಎಲ್ಲೆಗೆ ಆ ನಿಯಮ ಹಚ್ಚಿದರೆ ನಮ್ಮ ಪತ್ರ ಬರೆದ ಹುಡುಗಿಯೇ, ಕಿರಂಗೂರಿನಲ್ಲೇ ಹುಟ್ಟಿದ್ದರೂ, ಹೊರಗಿನವಳು. ಈ ಮಾತನ್ನು ತಾಯಿಗೆ ಹೇಳಿದರೆ ರಾಜಿಯಾದೀತು.

ಇನ್ನು ಎಷ್ಟು ಮನೆ ನೋಡಬೇಕು ಎಂಬ ಅವಳ ಕೊನೆಯ ಸಂದೇಹ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಅನ್ನಕ್ಕೆ ಸರಿ. ಬಿಸಿಬೇಳೆ ಭಾತಿನಲ್ಲಿ ಗೋಡಂಬಿ ಹೇಗಿದೆ ಎಂದು ತಿಳಿಯಬೇಕಾದರೆ? ಒಂದು ಚಮಚದಲ್ಲಿ ಗೋಡಂಬಿ ಸಿಗದೆಯೂ ಹೋಗಬಹುದು. 1,000 ಮನೆಗಳ ಒಂದು ಊರಿನಲ್ಲಿ 50 ಉರ್ದು ಮನೆಗಳಿವೆ ಎಂದಿಟ್ಟುಕೊಳ್ಳೋಣ. ಚೀಟಿ ಎತ್ತಿ 100 ಮನೆ ಆರಿಸಿದರೆ ಸಿಗುವ ಉರ್ದು ಮನೆಗಳು ಐದೋ ಆರೋ. ಅಷ್ಟರಿಂದ ಅವರ ಮಕ್ಕಳ ಓದಿನ ಬಗ್ಗೆ ಏನು ಹೇಳಲು ಸಾಧ್ಯ? ಅದಕ್ಕಾಗಿ ಬಲ್ಲವರು ಆ 50ರಲ್ಲಿ 25 ಮನೆಗಳನ್ನೂ ಉಳಿದ 950ರಲ್ಲಿ 95 ಮನೆಗಳನ್ನೂ ಬೇರೆ ಬೇರೆಯಾಗಿ ಚೀಟಿ ಎತ್ತಿ ಆರಿಸುತ್ತಾರೆ. ಒಟ್ಟು ಊರಿನ ಲೆಕ್ಕ ಮಾಡುವಾಗ ಉರ್ದು ಮನೆ ಒಂದನ್ನು ಎರಡೆಂದೂ ಉಳಿದ ಮನೆ ಒಂದನ್ನು ಹತ್ತೆಂದೂ ಎಣಿಸುತ್ತಾರೆ. ಈ ‘ತೂಕ’ ಹಾಕಲು ಮರೆತರೆ 120ರಲ್ಲಿ 25 ಎಂದಾಗಿ, ನೂರಕ್ಕೆ ಐದಿದ್ದವರು ನೂರಕ್ಕೆ ಇಪ್ಪತ್ತೊಂದಾಗಿಬಿಡುತ್ತಾರೆ. ಒಂದು ಗುಣಾಕಾರ ತಪ್ಪಿದರೆ ಸಾಕು, ‘ಅವರ ಸಂಖ್ಯೆ ನಾಲ್ಕು ಪಟ್ಟು ಏರಿತು’ ಎಂದು ಭಾಷಣ ಮಾಡುವವರು ಎಲ್ಲ ಊರಲ್ಲೂ ಇದ್ದಾರೆ.

ಆದ್ದರಿಂದ, ಮಗೂ, ನಿನ್ನ ಪಟ್ಟಿಯ ‘ವಲಸೆ’, ‘ಅಲ್ಪಸಂಖ್ಯಾತ’ ಎಂಬ ಎರಡು ಕಲಮುಗಳನ್ನು ಹೊಡೆದುಹಾಕು. ಅವು ಉತ್ತರಗಳು, ಪ್ರಶ್ನೆಗಳಲ್ಲ. ಹುಟ್ಟಿದ ಊರು, ಹಿಂದೆ ಇದ್ದ ಊರು, ಬಂದ ವರ್ಷ, ಬಂದ ಕಾರಣ, ವರ್ಷದಲ್ಲಿ ಎಷ್ಟು ತಿಂಗಳು ಇಲ್ಲಿ, ತಾಯಿ ಆಡಿದ ಮಾತು, ಈಗ ಮನೆಯಲ್ಲಿ ಆಡುವ ಮಾತು, ಮಕ್ಕಳು ಓದುವ ಭಾಷೆ, ಅವರಾಗಿ ಹೇಳಿದರೆ ಧರ್ಮ, ಇಷ್ಟನ್ನು ಕೇಳಿ ಬರೆದುಕೋ. ಯಾರನ್ನು ಏನೆಂದು ಕರೆಯಬೇಕೆಂಬುದನ್ನು ಆಮೇಲೆ ಬೇರೆ ಕಾಗದದಲ್ಲಿ, ಯಾವ ವ್ಯಾಖ್ಯೆಯ ಪ್ರಕಾರ ಎಂದು ಮೇಲೆ ಬರೆದು, ಲೆಕ್ಕ ಹಾಕು. ಒಂದಕ್ಕಿಂತ ಹೆಚ್ಚು ಉತ್ತರ ಬಂದರೆ ಎಲ್ಲವನ್ನೂ ಉಪನ್ಯಾಸಕರಿಗೆ ಒಪ್ಪಿಸು. ಹೆಸರುಗಳನ್ನು ಬರೆಯಬೇಡ. ಸರ್ಕಾರಿ ಗಣತಿಗಾದರೆ 1948ರ ಕಾಯಿದೆಯ ರಕ್ಷಣೆಯಿದೆ, ಅಲ್ಲಿ ಹೇಳಿದ್ದನ್ನು ಕೋರ್ಟಿನಲ್ಲೂ ಸಾಕ್ಷ್ಯವಾಗಿ ಬಳಸುವಂತಿಲ್ಲ. ನಿನ್ನ ನೋಟ್‌ಪುಸ್ತಕಕ್ಕೆ ಅಂಥ ಬೀಗವಿಲ್ಲ. ತಾಯಿಯನ್ನು ಮಾತ್ರ ಇನ್ನೊಂದು ಪ್ರಶ್ನೆ ಕೇಳು: ‘ನಿನ್ನ ಊರು ಯಾವುದಮ್ಮ?’ ಯಾವ ಗಣತಿಯೂ ಅದನ್ನು ಹಾಗೆ ಕೇಳುವುದಿಲ್ಲ. ಹಬ್ಬದ ದಿನ ಒಂದು ಉತ್ತರ, ಮುನಿಸಿನ ದಿನ ಇನ್ನೊಂದು ಬಂದೀತು. ಎರಡನ್ನೂ ತಾರೀಖು ಹಾಕಿ ಬರೆದಿಡು.

ಜೋಪಡಿಗಳಿಗೆ ಸಂಜೆ ಹೋಗು, ಹಗಲು ಎಲ್ಲರೂ ಗದ್ದೆಯಲ್ಲಿರುತ್ತಾರೆ. ಅಣ್ಣನನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೋ. ಅಲ್ಲಿನ ಮಕ್ಕಳು ಎಷ್ಟು, ಊರಲ್ಲಿ ಎಷ್ಟನೇ ತರಗತಿಯಲ್ಲಿದ್ದರು, ಇಲ್ಲಿ ಯಾವುದಾದರೂ ಶಾಲೆಯ ಹಾಜರಿಯಲ್ಲಿದ್ದಾರೆಯೇ ಎಂಬುದನ್ನು ಮೊದಲು ಕೇಳು, ಉಳಿದದ್ದು ಆಮೇಲೆ. ಆ ಸಂಖ್ಯೆಯನ್ನು ಉಪನ್ಯಾಸಕರಿಗಷ್ಟೇ ಅಲ್ಲ, ನಿಮ್ಮೂರ ಶಾಲೆಯ ಮುಖ್ಯೋಪಾಧ್ಯಾಯರಿಗೂ ಒಂದು ಪ್ರತಿ ಕೊಡು. ಕಬ್ಬು ಮುಗಿಯುವ ಮೊದಲೇ ಹೋಗಿ ಬಾ.